ಜಿಡಿಬಿಯಲ್ಲಿ ನಡುವೆ ಸಿಗ್ನಲ್ ಬಂದು ಪ್ರೋಗ್ರಾಮ್ ನಿಂತ್ರೆ: ಬಾಯಿ ಮುಚ್ಚಿಸೋಕೆ ಮುಂಚೆ ಕಳ್ಸಿದ್ದು ಯಾರು ಅಂತ ಕೇಳಿ

ಜೂನ್ ಬಂತು ಅಂದ್ರೆ ನಮ್ ಕಡೆ ಕರೆಂಟು, ನೆಟ್‌ವರ್ಕು ಎರಡೂ ಹೇಳದೆ ಕೇಳದೆ ಹೋಗ್ತವೆ, ಹಂಗಾಗಿ ಬೇರೆ ಊರಲ್ಲಿ ಆಫೀಸ್ ಒಳಗೆ ಕೂತು ಟೆಸ್ಟ್ ಮಾಡ್ದಾಗ ಏನೂ ಆಗದಿದ್ದ ಪ್ರೋಗ್ರಾಮು ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೇಲಿ ಇಟ್ರೆ ಸುಮ್ ಸುಮ್ನೆ ಬಿದ್ದು ಹೋಗ್ತದೆ. ಜಿಡಿಬಿ, ಅಂದ್ರೆ ಓಡ್ತಿರೋ ಪ್ರೋಗ್ರಾಮನ್ನ ನಿಲ್ಲಿಸಿ ಒಳಗೆ ನೋಡೋ ಡೀಬಗರ್, ಹಾಕಿ ನೋಡಿದ್ರೆ ಪ್ರೋಗ್ರಾಮ್ ರಿಸೀವ್ಡ್ ಸಿಗ್ನಲ್ ಅಂತ ಒಂದು ಸಾಲು ಬಂದು ನಿಂತ್ಕೊಳ್ತದೆ. ಅದನ್ನ ನೋಡಿದ ಕೂಡ್ಲೆ ಇಂಟರ್ನೆಟ್‌ನಲ್ಲಿ ಹುಡುಕಿ ಹ್ಯಾಂಡಲ್, ನೋಸ್ಟಾಪ್, ನೋಪ್ರಿಂಟ್ ಅಂತ (ಸಿಗ್ನಲ್ ಬಂದ್ರೂ ನಿಲ್ಬೇಡ, ತೋರಿಸ್ಬೇಡ ಅಂತ ಅರ್ಥ) ಒಂದು ಸಾಲು ಕಾಪಿ ಮಾಡಿ ಹಾಕಿ ಮುಂದೆ ಹೋಗೋರೇ ಜಾಸ್ತಿ. ಅದನ್ನ ಕೊನೇಗೆ ಮಾಡ್ಬೇಕು, ಮೊದಲಿಗಲ್ಲ. ಸಿಗ್ನಲ್ ಅಂದ್ರೆ ಏನೋ ಆಯ್ತು ಅಂತ ಕರ್ನಲ್ (ಲಿನಕ್ಸಿನ ತಿರುಳು) ಪ್ರೋಗ್ರಾಮಿಗೆ ತಲುಪಿಸೋ ಸಣ್ಣ ಸೂಚನೆ. ಸಿಗ್ನಲ್ ಜೊತೆಗೇ ಅದನ್ನ ಯಾರು ಕಳ್ಸಿದ್ರು, ಯಾಕೆ ಕಳ್ಸಿದ್ರು ಅನ್ನೋ ವಿವರ ಕರ್ನಲ್ ಕೊಟ್ಟಿರ್ತದೆ, ಅದನ್ನ ಓದದೆ ಸಿಗ್ನಲ್ ಮುಚ್ಚಿಟ್ರೆ ಸಿಕ್ಕ ಸಾಕ್ಷಿನ ಕೈಯಾರೆ ಕಳ್ಕೊಂಡಂಗೆ.

ಇಲ್ಲಿ ಹೇಳೋದೆಲ್ಲ ಲಿನಕ್ಸ್ ಮತ್ತೆ ಜಿಡಿಬಿ ಲೆಕ್ಕದಲ್ಲಿ. ಕಮಾಂಡುಗಳನ್ನ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ಟರ್ಮಿನಲ್‌ನಲ್ಲಿ ಅದೇ ಉಚ್ಚಾರದ ಇಂಗ್ಲಿಷ್ ಹಾಕ್ಕೊಳಿ. ಸಿಗ್ನಲ್ ನಂಬರುಗಳು ನಮ್ಮ ಸಾಮಾನ್ಯ ಲ್ಯಾಪ್‌ಟಾಪು ಮತ್ತೆ ರಾಸ್ಪ್‌ಬೆರಿ ಪೈ ಎರಡಕ್ಕೂ ಸರಿಹೋಗ್ತವೆ, ಮ್ಯಾಕ್‌ನಲ್ಲಿ ಕೆಲವು ಬೇರೆ ಇರ್ತವೆ.

ಉದಾಹರಣೆಗೆ ಒಂದು ಪ್ರೋಗ್ರಾಮ್ ಇಟ್ಕೊಳೋಣ. ತೋಟದ ಮೂಲೇಲಿ ಒಂದು ಮಳೆಮಾಪಕ, ಅದು ಪುಟ್ಟ ಬಕೆಟ್ ತುಂಬಿ ಮಗುಚೋ ತರದ್ದು, ಒಂದು ಸಲ ಮಗುಚಿದ್ರೆ 0.2 ಮಿಲಿಮೀಟರ್ ಮಳೆ. ಅದಕ್ಕೊಂದು ರಾಸ್ಪ್‌ಬೆರಿ ಪೈ, ಅದರ ಮೇಲೆ ಸಿ ಭಾಷೇಲಿ ಬರ್ದ ಒಂದು ಪ್ರೋಗ್ರಾಮು, ಪ್ರತಿ ಸಲ ಬಕೆಟ್ ಮಗುಚಿದ ಟೈಮನ್ನ ಮೆಮೊರಿಗೆ ಮ್ಯಾಪ್ ಮಾಡ್ಕೊಂಡ ಒಂದು ಫೈಲಿಗೆ ಬರೀತದೆ, ಆಮೇಲೆ ಮೊಬೈಲ್ ಡೇಟಾ ಮೇಲೆ ಶಿವಮೊಗ್ಗದಲ್ಲಿರೋ ಒಂದು ಸರ್ವರಿಗೆ ಕಳಿಸ್ತದೆ. ಇಷ್ಟು ಸಣ್ಣ ಪ್ರೋಗ್ರಾಮಿಗೆ ನಮ್ಮ ಮಳೆಗಾಲದಲ್ಲಿ ಬರಬಹುದಾದ ಸಿಗ್ನಲ್‌ಗಳು ಕಮ್ಮಿ ಏನಿಲ್ಲ.

ಡೀಬಗರ್ ನಡುವೆ ನಿಂತಾಗ ಏನಾಗ್ತದೆ

ಜಿಡಿಬಿ ಕೆಲಸ ಮಾಡೋದು ಪಿಟ್ರೇಸ್ ಅನ್ನೋ ಸಿಸ್ಟಮ್ ಕಾಲ್ ಮೇಲೆ, ಒಂದು ಪ್ರೋಗ್ರಾಮು ಇನ್ನೊಂದನ್ನ ಹಿಡಿದು ನಿಲ್ಲಿಸೋಕೆ ಕರ್ನಲ್ ಕೊಡೋ ದಾರಿ ಅದು. ನಿಮ್ಮ ಪ್ರೋಗ್ರಾಮಿಗೆ ಹೋಗೋ ಪ್ರತಿ ಸಿಗ್ನಲ್ಲೂ ಆಗುಂಬೆ ಘಾಟಿಯ ಚೆಕ್‌ಪೋಸ್ಟಲ್ಲಿ ಗಾಡಿ ನಿಲ್ಲೋ ಹಂಗೆ ಮೊದ್ಲು ಜಿಡಿಬಿ ಹತ್ರ ನಿಲ್ತದೆ, ಒಳಗೆ ಬಿಡೋದಾ ವಾಪಸ್ ಕಳ್ಸೋದಾ ಅಂತ ಅಲ್ಲಿ ತೀರ್ಮಾನ ಆಗ್ತದೆ. ಇದಕ್ಕೆ ಒಳಗಾಗದೆ ಸೀದಾ ಹೋಗೋದು ಸಿಗ್‌ಕಿಲ್ ಒಂದೇ, ನಂಬರ್ 9.

ಇದರಿಂದ ಬರೋ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ನಿಮ್ಮ ಪ್ರೋಗ್ರಾಮು ಒಂದು ಸಿಗ್ನಲನ್ನ ಇಗ್ನೋರ್ ಮಾಡ್ತೀನಿ ಅಂತ ಹೇಳಿದ್ರೂ, ಡೀಬಗರ್ ಅಂಟ್ಕೊಂಡಿದ್ರೆ ಕರ್ನಲ್ ಅದನ್ನ ಡೀಬಗರಿಗೆ ತೋರಿಸೇ ತೋರಿಸ್ತದೆ. ಅಂದ್ರೆ ಹೊರಗೆ ಓಡಿಸಿದಾಗ ಏನೂ ಆಗದ ಜಾಗದಲ್ಲಿ ಜಿಡಿಬಿ ಒಳಗೆ ನಿಂತ್ಕೊಳ್ತದೆ. ಆದ್ರಿಂದ ಜಿಡಿಬಿ ನಿಂತ ಮಾತ್ರಕ್ಕೆ ಅದು ಕ್ರ್ಯಾಶ್ ಅಂತ ತಿಳ್ಕೋಬೇಡಿ.

ನಿಂತ ಕೂಡ್ಲೆ ಮಾಡೋ ಕೆಲಸ

ಮೊದಲು ಆ ಸಾಲನ್ನ ಸರಿಯಾಗಿ ಓದಿ. ರಿಸೀವ್ಡ್ ಸಿಗ್ನಲ್ ಅಂತಿದ್ರೆ ಪ್ರೋಗ್ರಾಮ್ ಇನ್ನೂ ಜೀವಂತ ಇದೆ, ಎಲ್ಲಾ ನೋಡಬಹುದು. ಟರ್ಮಿನೇಟೆಡ್ ವಿತ್ ಸಿಗ್ನಲ್ ಅಂತಿದ್ರೆ ಹೋಗಾಯ್ತು, ಇನ್ನು ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವ್ದನ್ನ ಕರೆದು ಅಲ್ಲಿಗೆ ಬಂತು ಅನ್ನೋ ಪಟ್ಟಿ) ಕೇಳಿದ್ರೆ ಸಿಗಲ್ಲ. ಜೀವಂತ ಇದ್ದಾಗ ಕಂಟಿನ್ಯೂ ಒತ್ತಬೇಡಿ ಮಾರಾಯ್ರೆ, ಅದೊಂದು ಅಭ್ಯಾಸ ಬಿಟ್ರೆ ಅರ್ಧ ಕೆಲಸ ಆಗ್ತದೆ. ಕಂಟಿನ್ಯೂ ಅಂದ್ರೆ ತಡೆದು ನಿಲ್ಲಿಸಿದ ಸಿಗ್ನಲನ್ನ ಒಳಗೆ ಬಿಡೋದು, ಅದು ಪ್ರೋಗ್ರಾಮನ್ನ ಸಾಯಿಸೋ ಸಿಗ್ನಲ್ ಆಗಿದ್ರೆ ಅಲ್ಲಿಗೆ ಮುಗೀತು.

ಅದರ ಬದಲು ಈ ನಾಲ್ಕು ಸಾಲು, ಇದೇ ಆರ್ಡರಲ್ಲಿ:

ಬಿಟಿ
ಥ್ರೆಡ್ ಅಪ್ಲೈ ಆಲ್ ಬಿಟಿ
ಪಿ $_ಸಿಗ್‌ಇನ್ಫೋ
ಎಕ್ಸ್/ಐ $ಪಿಸಿ

ಮೊದಲೆರಡು ಎಲ್ಲರಿಗೂ ಗೊತ್ತು, ಈಗಿನ ಥ್ರೆಡ್ ಎಲ್ಲಿತ್ತು, ಉಳಿದ ಥ್ರೆಡ್‌ಗಳು ಎಲ್ಲಿದ್ವು. ನಾಲ್ಕನೇದು ನಿಂತ ಜಾಗದಲ್ಲಿರೋ ಮೆಷಿನ್ ಇನ್‌ಸ್ಟ್ರಕ್ಷನ್ ತೋರಿಸ್ತದೆ. ಮೂರನೇದೇ ಈ ಬರಹಕ್ಕೆಲ್ಲ ಬುಡ. ಆ ಸಿಗ್‌ಇನ್ಫೋ ಒಳಗೆ ಎಸ್‌ಐ ಕೋಡ್ ಅಂತ ಒಂದು ಫೀಲ್ಡ್ ಇದೆ, ಅದನ್ನ ನೋಡಿದ್ರೆ ಸಿಗ್ನಲ್ ಎಲ್ಲಿಂದ ಬಂತು ಅಂತ ಗೊತ್ತಾಗ್ತದೆ. ಸೊನ್ನೆ ಇದ್ರೆ ಯಾವ್ದೋ ಪ್ರೋಸೆಸ್ ಕಿಲ್ ಕಾಲ್ ಮಾಡಿ ಕಳ್ಸಿದ್ದು. ಮೈನಸ್ 6 ಇದ್ರೆ ಒಂದು ಥ್ರೆಡ್ಡಿಗೆ ಗುರಿ ಇಟ್ಟು ಟಿಕಿಲ್ ತರದ ಕಾಲಲ್ಲಿ ಕಳ್ಸಿದ್ದು, ಅಬಾರ್ಟ್ ಆದಾಗ ಸಾಮಾನ್ಯವಾಗಿ ಕಾಣೋದು ಇದು. ಮೈನಸ್ 2 ಇದ್ರೆ ಟೈಮರ್. ಸಿಗ್‌ಸೆಗ್ವಿ, ಸಿಗ್‌ಬಸ್ ಇಂಥವಕ್ಕೆ 1, 2 ಹಿಂಗೆ ಸಣ್ಣ ಪಾಸಿಟಿವ್ ನಂಬರ್ ಇದ್ರೆ ನಿಮ್ಮ ಕೋಡೇ ಮಾಡಿದ ಕೆಲಸಕ್ಕೆ ಪ್ರೋಸೆಸರ್ ಕೊಟ್ಟ ಉತ್ತರ, ಹೊರಗಿನವರು ಯಾರೂ ಕಳ್ಸಿಲ್ಲ.

ಸೊನ್ನೆ ಬಂತು ಅಂದ್ಕೊಳಿ, ಆಗ

ಪಿ $_ಸಿಗ್‌ಇನ್ಫೋ._ಸಿಫೀಲ್ಡ್ಸ್._ಕಿಲ್

ಅಂತ ಕೇಳಿದ್ರೆ ಕಳ್ಸಿದವರ ಪಿಐಡಿ (ಪ್ರೋಸೆಸ್ ನಂಬರ್), ಯುಐಡಿ (ಬಳಕೆದಾರರ ನಂಬರ್) ಎರಡೂ ಬರ್ತವೆ. ಆ ಪಿಐಡಿಗೆ ಇನ್ನೊಂದು ಟರ್ಮಿನಲಲ್ಲಿ ಪಿಎಸ್ ಹಾಕಿ ನೋಡಿ. ಪಿಐಡಿ 1 ಬಂತು ಅಂದ್ರೆ ಸಿಸ್ಟಮ್‌ಡಿ, ಸರ್ವೀಸ್‌ಗಳನ್ನ ಶುರು ಮಾಡಿ ನೋಡ್ಕೊಳ್ಳೋ ಪ್ರೋಗ್ರಾಮು. ಅಲ್ಲಿಗೆ ನಿಮ್ಮ ಕೋಡ್ ಒಳಗೆ ಹುಡುಕೋದು ನಿಲ್ಸಿ, ಸರ್ವೀಸ್ ಫೈಲ್ ತೆಗೀರಿ.

ಹೊರಗೆ ಓಡಿಸಿದ್ರೂ ಆಗ್ತದಾ

ಎರಡನೇ ಪ್ರಶ್ನೆ ಇದು. ಜಿಡಿಬಿ ಇಲ್ದೆ ಓಡ್ಸಿ, ಬಿದ್ದ ಮೇಲೆ ಶೆಲ್ಲಲ್ಲಿ ಎಕೋ $? ಹಾಕಿ. ಸಿಗ್ನಲಿಂದ ಸತ್ತಿದ್ರೆ 128 ಕೂಡಿಸಿದ ನಂಬರ್ ಬರ್ತದೆ. 139 ಅಂದ್ರೆ 11, ಸಿಗ್‌ಸೆಗ್ವಿ. 134 ಅಬಾರ್ಟ್. 135 ಸಿಗ್‌ಬಸ್. 136 ಸಿಗ್‌ಎಫ್‌ಪಿಇ. 141 ಸಿಗ್‌ಪೈಪ್. 137 ಸಿಗ್‌ಕಿಲ್. 143 ಸಿಗ್‌ಟರ್ಮ್. ಇದನ್ನ ಒಂದು ಚೀಟೀಲಿ ಬರ್ದು ಮಾನಿಟರ್ ಪಕ್ಕ ಅಂಟಿಸ್ಕೊಂಡ್ರೂ ತಪ್ಪಿಲ್ಲ, ಲಾಗಲ್ಲಿ ಬರೀ ಎಕ್ಸಿಟ್ ಕೋಡ್ ಮಾತ್ರ ಉಳಿದಿರೋ ದಿನ ಉಪಯೋಗಕ್ಕೆ ಬರ್ತದೆ.

ಕೋರ್ ಫೈಲ್, ಅಂದ್ರೆ ಬಿದ್ದ ಕ್ಷಣದ ಮೆಮೊರಿಯ ಪ್ರತಿ, ಬೇಕು ಅಂದ್ರೆ ಓಡ್ಸೋಕೆ ಮುಂಚೆ ಯುಲಿಮಿಟ್ -ಸಿ ಅನ್‌ಲಿಮಿಟೆಡ್ ಹಾಕಿ. ಹಾಕಿದ್ರೂ ಫೋಲ್ಡರಲ್ಲಿ ಫೈಲ್ ಕಾಣ್ತಿಲ್ಲ ಅಂದ್ರೆ /ಪ್ರೋಕ್/ಸಿಸ್/ಕರ್ನಲ್/ಕೋರ್_ಪ್ಯಾಟರ್ನ್ ಓದಿ, ಅದು ಪೈಪ್ ಚಿಹ್ನೆಯಿಂದ ಶುರುವಾಗಿದ್ರೆ ಕೋರ್ ಬೇರೆ ಪ್ರೋಗ್ರಾಮಿಗೆ ಹೋಗ್ತಿದೆ ಅಂತ. ಉಬುಂಟುವಲ್ಲಿ ಅದು ಆಪೋರ್ಟ್ ಇರಬಹುದು, ಸಿಸ್ಟಮ್‌ಡಿ ಕೋರ್‌ಡಂಪ್ ಇದ್ರೆ ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಹಾಕಿ ಪಟ್ಟಿ ನೋಡಿ, ಕೋರ್‌ಡಂಪ್‌ಸಿಟಿಎಲ್ ಜಿಡಿಬಿ ಅಂದ್ರೆ ಸೀದಾ ಜಿಡಿಬಿ ಒಳಗೇ ಕರ್ಕೊಂಡು ಹೋಗ್ತದೆ.

ಓಡ್ತಿರೋ ಪ್ರೋಸೆಸ್ಸಿಗೆ ಜಿಡಿಬಿ -ಪಿ ಹಾಕಿ ಅಂಟಿಸೋಕೆ ಹೋದ್ರೆ ಪರ್ಮಿಶನ್ ಇಲ್ಲ ಅನ್ನೋದು ಯಾಮಾ ಪಿಟ್ರೇಸ್ ಸ್ಕೋಪ್ ಅನ್ನೋ ಭದ್ರತಾ ಸೆಟ್ಟಿಂಗ್ ಕಾರಣಕ್ಕೆ, ಉಬುಂಟುವಲ್ಲಿ ಅದರ ಡೀಫಾಲ್ಟ್ 1, ಸುಡೋ ಹಾಕಿ ಸಾಕು. ಹಂಗೇ ಎಸ್‌ಟ್ರೇಸ್ (ಸಿಸ್ಟಮ್ ಕಾಲ್‌ಗಳನ್ನ ಪಟ್ಟಿ ಮಾಡೋ ಟೂಲ್) ಮತ್ತೆ ಜಿಡಿಬಿ ಎರಡನ್ನೂ ಒಂದೇ ಪ್ರೋಸೆಸ್ಸಿಗೆ ಒಟ್ಟಿಗೆ ಅಂಟಿಸೋಕೆ ಆಗಲ್ಲ. ಯಾರಾದ್ರೂ ಆಗ್ಲೇ ಅಂಟಿದಾರಾ ಅಂತ /ಪ್ರೋಕ್ ಒಳಗಿನ ಸ್ಟೇಟಸ್ ಫೈಲಲ್ಲಿ ಟ್ರೇಸರ್‌ಪಿಐಡಿ ಸಾಲು ಹೇಳ್ತದೆ.

ಹೊರಗೆ ಆಗಲ್ಲ, ಜಿಡಿಬಿ ಒಳಗೆ ಮಾತ್ರ ಆಗ್ತದೆ ಅಂತಾದ್ರೆ ಕೊನೇ ಕಡೆಗೆ ಬರ್ತೀನಿ. ಎರಡೂ ಕಡೆ ಆಗ್ತದೆ ಅಂದ್ರೆ ಒಂದೊಂದಾಗಿ ನೋಡೋಣ.

ಸಿಗ್‌ಸೆಗ್ವಿ, 11

ಇದಕ್ಕೆ ಕೋಡ್ 1 ಅಂದ್ರೆ ಆ ಅಡ್ರೆಸ್ಸಲ್ಲಿ ಮೆಮೊರಿನೇ ಮ್ಯಾಪ್ ಆಗಿಲ್ಲ. 2 ಅಂದ್ರೆ ಮೆಮೊರಿ ಇದೆ, ನಿಮಗೆ ಅನುಮತಿ ಇಲ್ಲ, ಉದಾಹರಣೆಗೆ ಕೋಡ್ ಒಳಗೇ ಬರ್ದ ಸ್ಟ್ರಿಂಗ್ ಮೇಲೆ ಬರೆಯೋಕೆ ಹೋದ್ರೆ. ಮುಟ್ಟೋಕೆ ಹೋದ ಅಡ್ರೆಸ್ಸನ್ನ ಹಿಂಗೆ ಕೇಳಿ:

ಪಿ $_ಸಿಗ್‌ಇನ್ಫೋ._ಸಿಫೀಲ್ಡ್ಸ್._ಸಿಗ್‌ಫಾಲ್ಟ್.ಎಸ್ಐ_ಅಡ್ರ್

ಸೊನ್ನೆ ಅಥವಾ ಸೊನ್ನೆ ಪಕ್ಕದ ಸಣ್ಣ ನಂಬರ್ ಬಂದ್ರೆ ನಲ್ ಪಾಯಿಂಟರ್, ಸಣ್ಣ ನಂಬರ್ ಅಂದ್ರೆ ನಲ್ ಸ್ಟ್ರಕ್ಚರ್ ಒಳಗಿನ ಫೀಲ್ಡ್. ಸ್ಟ್ಯಾಕ್ ಪಾಯಿಂಟರ್ ಹತ್ರದ ಅಡ್ರೆಸ್ ಬಂದು ಬ್ಯಾಕ್‌ಟ್ರೇಸಲ್ಲಿ ಒಂದೇ ಫಂಕ್ಷನ್ ಸಾವಿರಾರು ಸಲ ಕಂಡ್ರೆ ರಿಕರ್ಶನ್ ಮುಗೀದೆ 8 ಎಂಬಿ ಸ್ಟ್ಯಾಕ್ ಖಾಲಿ ಆಗಿದೆ. ಒಂದು ವಿಚಿತ್ರ ಕೇಸ್ ಇದೆ, 64 ಬಿಟ್ ಇಂಟೆಲ್, ಎಎಂಡಿ ಮೆಷಿನಲ್ಲಿ ಅಡ್ರೆಸ್ ಸೊನ್ನೆ ತೋರಿಸಿ ಕೋಡ್ ಮಾತ್ರ 128 ಇರ್ತದೆ. ಅದನ್ನ ನಲ್ ಅಂದ್ಕೊಂಡು ಹುಡುಕಿದ್ರೆ ಸಿಗಲ್ಲ, ಪಾಯಿಂಟರ್ ಒಳಗೆ ಪೂರ್ತಿ ಕಸ ತುಂಬಿ ಪ್ರೋಸೆಸರ್ ಒಪ್ಪದೇ ಇರೋ ತರದ ಅಡ್ರೆಸ್ ಆಗಿದ್ರೆ ಹಿಂಗಾಗ್ತದೆ, ಆಗ ಇನ್ಫೋ ರಿಜಿಸ್ಟರ್ಸ್ ಹಾಕಿ ಆ ಇನ್‌ಸ್ಟ್ರಕ್ಷನ್ ಬಳಸಿದ ರಿಜಿಸ್ಟರ್ ನೋಡ್ಬೇಕು.

ಈಗ ನಮ್ಮ ಮಳೆ ಪ್ರೋಗ್ರಾಮಿಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ನೋಡಿ. ಬರೆದೋರು ಬಕೆಟ್ ಮಗುಚಿದ ಲೆಕ್ಕಕ್ಕೆ 16 ಬಿಟ್‌ನ ಸೈನ್ಡ್ ಇಂಟಿಜರ್ ಇಟ್ಟಿದಾರೆ ಅಂದ್ಕೊಳಿ, ವರ್ಷಕ್ಕೊಮ್ಮೆ ಸೊನ್ನೆ ಆಗ್ತದೆ. ಅದರಲ್ಲಿ ಹಿಡಿಸೋದು 32767. ಅಂದ್ರೆ 0.2 ಲೆಕ್ಕದಲ್ಲಿ 6553.4 ಮಿಲಿಮೀಟರ್. ಬಯಲುಸೀಮೆಯಲ್ಲಿ ಈ ಪ್ರೋಗ್ರಾಮು ಎಷ್ಟು ವರ್ಷ ಬೇಕಾದ್ರೂ ಓಡ್ತದೆ, ಅಲ್ಲಿ ಅಷ್ಟು ಮಳೆ ಎಲ್ಲಿ ಬರ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿನೇ 7000 ಮಿಲಿಮೀಟರ್ ದಾಟ್ತದೆ, ಹಂಗಾಗಿ ಅಲ್ಲಿ ಇಟ್ಟ ಪೆಟ್ಟಿಗೆ ಮಳೆಗಾಲದ ಕೊನೇ ಭಾಗದಲ್ಲಿ ಒಂದಿನ 32767 ದಾಟಿ ಕೌಂಟರ್ ಮೈನಸ್ 32768ಕ್ಕೆ ಮಗುಚ್ಕೊಳ್ತದೆ, ಮುಂದಿನ ಟೈಮನ್ನ ಆ ಮೈನಸ್ ಜಾಗಕ್ಕೆ ಬರೆಯೋಕೆ ಹೋಗ್ತದೆ, ಅಲ್ಲಿ ಏನೂ ಮ್ಯಾಪ್ ಆಗಿಲ್ಲದಿದ್ರೆ ಸಿಗ್‌ಸೆಗ್ವಿ, ಕೋಡ್ 1.

ಇದನ್ನ ಜಿಡಿಬಿಯಲ್ಲಿ ಹಿಡಿಯೋದು ಹೆಂಗೆ ಅಂದ್ರೆ, ಬಂದ ಅಡ್ರೆಸ್ಸಿಂದ ಮ್ಯಾಪಿನ ಶುರುವಿನ ಅಡ್ರೆಸ್ ಕಳೀರಿ. ಮೈನಸ್ 262144 ಬರ್ತದೆ. ಒಂದು ಟೈಮಿಗೆ 8 ಬೈಟ್, ಭಾಗಿಸಿದ್ರೆ ಮೈನಸ್ 32768. ಈ ನಂಬರ್ ಕಂಡ ಮೇಲೆ ಇನ್ನೇನೂ ಹುಡುಕೋ ಅಗತ್ಯ ಇಲ್ಲ, 16 ಬಿಟ್ ಸೈನ್ಡ್ ಓವರ್‌ಫ್ಲೋ ಅಂತ ಅದೇ ಹೇಳ್ತಿದೆ. ನಾನು ಹೇಳೋದು ಇಷ್ಟೇ, ಬಿದ್ದ ಅಡ್ರೆಸ್ಸನ್ನ ಬರೀ ಹೆಕ್ಸ್ ಕಸ ಅಂತ ಬಿಡಬೇಡಿ, ನಿಮ್ಮ ಹತ್ರ ಗೊತ್ತಿರೋ ಯಾವ್ದಾದ್ರೂ ಅಡ್ರೆಸ್ಸಿಂದ ಕಳೆದು ಎಲಿಮೆಂಟ್ ಸೈಜಿಂದ ಭಾಗಿಸಿ ನೋಡಿ, 127, 255, 4096, 32768, 65536 ಇಂಥ ಪರಿಚಯದ ಮುಖ ಕಂಡ್ರೆ ದಾರಿ ಸಿಕ್ಕಂಗೆ. ಇನ್ಫೋ ಪ್ರೋಕ್ ಮ್ಯಾಪಿಂಗ್ಸ್ ಹಾಕಿದ್ರೆ ಯಾವ ಅಡ್ರೆಸ್ ಯಾವ ಫೈಲಿಂದು, ಯಾವ ಲೈಬ್ರರಿದು ಅನ್ನೋ ಪೂರ್ತಿ ಪಟ್ಟಿ ಬರ್ತದೆ.

ಜಿಡಿಬಿ ಇಲ್ಲದ ಲ್ಯಾಪ್‌ಟಾಪೋ ಸರ್ವರೋ ಆದ್ರೆ ಡಿಮೆಸೇಜ್ (ಟೈಪ್ ಮಾಡೋದು ಡಿ-ಎಂ-ಇ-ಎಸ್-ಜಿ, ಕರ್ನಲ್ ಬರೆಯೋ ಲಾಗು) ನೋಡಿ, ಸೆಗ್‌ಫಾಲ್ಟ್ ಅಟ್ ಅಂತ ಅಡ್ರೆಸ್, ಕೊನೇಲಿ ಎರರ್ ಅಂತ ಒಂದು ನಂಬರ್ ಇರ್ತದೆ. ಇಂಟೆಲ್, ಎಎಂಡಿ ಮೆಷಿನಲ್ಲಿ 4 ಅಂದ್ರೆ ಇಲ್ಲದ ಜಾಗದಿಂದ ಓದೋಕೆ ಹೋಗಿದ್ದು, 6 ಅಂದ್ರೆ ಇಲ್ಲದ ಜಾಗಕ್ಕೆ ಬರೆಯೋಕೆ ಹೋಗಿದ್ದು, 7 ಅಂದ್ರೆ ಇರೋ ಜಾಗಕ್ಕೆ ಅನುಮತಿ ಇಲ್ದೆ ಬರೆಯೋಕೆ ಹೋಗಿದ್ದು. 14 ಬಂದ್ರೆ ಇಲ್ಲದ ಜಾಗಕ್ಕೆ ಹಾರಿ ಅಲ್ಲಿಂದ ಕೋಡ್ ಓಡ್ಸೋಕೆ ಹೋಗಿದೆ, ಫಂಕ್ಷನ್ ಪಾಯಿಂಟರ್ ಕೆಟ್ಟಿದೆ ಅಂತ ಅನುಮಾನ ಪಡಿ.

ಅಬಾರ್ಟ್, 6

ಇದು ಬೇರೆ ಜಾತಿ. ಇಲ್ಲಿ ಪ್ರೋಗ್ರಾಮು ತಾನೇ ತನ್ನನ್ನ ಕೊಂದ್ಕೊಂಡಿದೆ. ಬ್ಯಾಕ್‌ಟ್ರೇಸಿನ ಮೇಲಿನ ಮೂರ್ನಾಲ್ಕು ಫ್ರೇಮು ಗ್ಲಿಬ್‌ಸಿದು (ಲಿನಕ್ಸಿನ ಸಿ ಲೈಬ್ರರಿ), ರೇಝ್, ಅಬಾರ್ಟ್ ಅಂತೆಲ್ಲ ಇರ್ತದೆ, ಅವನ್ನ ಬಿಟ್ಟು ಅಪ್ ಹಾಕ್ತಾ ನಿಮ್ಮ ಕೋಡಿನ ಮೊದಲ ಫ್ರೇಮಿಗೆ ಹೋಗಿ. ಅಸರ್ಟ್ ಆಗಿದ್ರೆ, ಹಿಡೀದೆ ಬಿಟ್ಟ ಸಿ ಪ್ಲಸ್ ಪ್ಲಸ್ ಎಕ್ಸೆಪ್ಷನ್ ಆಗಿದ್ರೆ ಅಲ್ಲೇ ಕಾಣ್ತದೆ. ಆದ್ರೆ ಡಬಲ್ ಫ್ರೀ ಅಂತಲೋ, ಮ್ಯಾಲಕ್ ಕರಪ್ಟೆಡ್ ಅಂತಲೋ ಮೆಸೇಜ್ ಬಂದಿದ್ರೆ ಆ ಬ್ಯಾಕ್‌ಟ್ರೇಸನ್ನ ನಂಬಬೇಡಿ. ಹಾಳು ಮಾಡಿದ ಸಾಲು ಬೇರೆ, ಹಾಳಾಗಿದ್ದು ಗೊತ್ತಾದ ಸಾಲು ಬೇರೆ, ನಡುವೆ ಲಕ್ಷಾಂತರ ಇನ್‌ಸ್ಟ್ರಕ್ಷನ್ ಹೋಗಿರಬಹುದು. ಇಂಥದ್ದಕ್ಕೆ ಜಿಡಿಬಿ ಮೊದಲ ಆಯುಧ ಅಲ್ಲ, -ಜಿ ಜೊತೆ -ಎಫ್‌ಸ್ಯಾನಿಟೈಸ್=ಅಡ್ರೆಸ್ ಹಾಕಿ ಕಂಪೈಲ್ ಮಾಡಿ ಓಡ್ಸಿ, ಎಲ್ಲಿ ಅಲೊಕೇಟ್ ಆಯ್ತು, ಎಲ್ಲಿ ಫ್ರೀ ಆಯ್ತು, ಎಲ್ಲಿ ಮತ್ತೆ ಮುಟ್ಟಿದ್ರು ಅಂತ ಮೂರೂ ಬ್ಯಾಕ್‌ಟ್ರೇಸ್ ಕೊಡ್ತದೆ. ಅದನ್ನ ಜಿಡಿಬಿ ಒಳಗೆ ಓಡಿಸಿದ್ರೆ ಮುಗಿಯೋ ಹೊತ್ತಿಗೆ ಲೀಕ್‌ಸ್ಯಾನಿಟೈಸರ್ ಪಿಟ್ರೇಸ್ ಕೆಳಗೆ ಕೆಲಸ ಮಾಡಲ್ಲ ಅಂತ ಎರರ್ ಕೊಡ್ತದೆ, ಅದಕ್ಕೆ ಹೆದರಬೇಡಿ, ಎಸ್ಯಾನ್_ಆಪ್ಷನ್ಸ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಡಿಟೆಕ್ಟ್_ಲೀಕ್ಸ್=0 ಹಾಕಿ. ಅದೇ ಜಾಗದಲ್ಲಿ ಅಬಾರ್ಟ್_ಆನ್_ಎರರ್=1 ಕೂಡ ಹಾಕಿದ್ರೆ ತಪ್ಪು ಸಿಕ್ಕ ಕ್ಷಣಕ್ಕೇ ಜಿಡಿಬಿ ನಿಲ್ತದೆ, ಇಲ್ಲಾಂದ್ರೆ ರಿಪೋರ್ಟ್ ಬರ್ದು ಸುಮ್ನೆ ಎಕ್ಸಿಟ್ ಆಗಿ ಹೋಗ್ತದೆ.

ಸಿಗ್‌ಬಸ್, 7

ಇದನ್ನ ಸೆಗ್‌ಫಾಲ್ಟಿನ ತಮ್ಮ ಅಂದ್ಕೊಂಡು ಪಾಯಿಂಟರ್ ಹುಡುಕ್ತಾ ಕೂರ್ತಾರೆ. ಮ್ಯಾಪ್ ಮಾಡಿದ ಫೈಲ್ ಇರೋ ಪ್ರೋಗ್ರಾಮಲ್ಲಿ ಇದು ಬಂತು ಅಂದ್ರೆ ಮೊದ್ಲು ಡಿಎಫ್ -ಎಚ್ ಹಾಕಿ ಪೈಯ ಮೆಮೊರಿ ಕಾರ್ಡಲ್ಲಿ ಜಾಗ ಇದೆಯಾ ನೋಡಿ. ಫೈಲಿನ ಸೈಜನ್ನ ಮೊದಲೇ ದೊಡ್ಡದಾಗಿ ಇಟ್ಟು ಮ್ಯಾಪ್ ಮಾಡ್ಕೊಂಡಿದ್ರೆ, ನಿಜವಾದ ಜಾಗ ಡಿಸ್ಕಲ್ಲಿ ಆಮೇಲೆ ಬರ್ದಾಗ್ಲೇ ಸಿಗೋದು, ಕಾರ್ಡ್ ತುಂಬಿದ್ರೆ ರೈಟ್ ಕಾಲ್ ತರ ಎರರ್ ವಾಪಸ್ ಕೊಡೋಕೆ ಅಲ್ಲಿ ಕಾಲೇ ಇಲ್ವಲ್ಲ, ಬರೀ ಒಂದು ಮೆಮೊರಿ ಬರಹ, ಅದಕ್ಕೆ ಕರ್ನಲ್ ಸಿಗ್‌ಬಸ್ ಕಳಿಸ್ತದೆ. ಇನ್ನೊಂದು ಕಾರಣ, ನೀವು ಮ್ಯಾಪ್ ಮಾಡ್ಕೊಂಡ ಮೇಲೆ ಬೇರೆ ಯಾರೋ ಆ ಫೈಲನ್ನ ಚಿಕ್ಕದು ಮಾಡಿದ್ರೆ, ಲಾಗ್ ರೊಟೇಟ್ ಮಾಡೋ ಸ್ಕ್ರಿಪ್ಟ್ ಹಿಂಗೆ ಮಾಡ್ತದೆ, ಕೋಡ್ 2 ಬರ್ತದೆ. ಜಾಗ ಮೊದಲೇ ಕಾದಿರಿಸೋಕೆ ಪೋಸಿಕ್ಸ್ ಫಾಲೊಕೇಟ್ ಬಳಸಿದ್ರೆ ಕಾರ್ಡ್ ತುಂಬಿದ್ದು ಶುರುವಲ್ಲೇ ಎರರ್ ಆಗಿ ಗೊತ್ತಾಗ್ತದೆ, ಅರ್ಧ ಮಳೆಗಾಲದಲ್ಲಿ ಅಲ್ಲ.

ಸಿಗ್‌ಪೈಪ್, 13

ಮಲೆನಾಡಲ್ಲಿ ನೆಟ್‌ವರ್ಕ್ ಪ್ರೋಗ್ರಾಮ್ ಬರೆಯೋರಿಗೆ ಇದೇ ಜಾಸ್ತಿ ಕಾಟ ಕೊಡೋದು. ಆ ಕಡೆಯವರು ಕನೆಕ್ಷನ್ ಮುಚ್ಚಿಯಾಗಿದೆ, ನಿಮಗೆ ಗೊತ್ತಿಲ್ಲ. ಮೊದಲ ಸಲ ಬರ್ದಾಗ ಸರಿಹೋದ ಹಂಗೇ ಕಾಣ್ತದೆ, ಆ ಕಡೆಯಿಂದ ರಿಸೆಟ್ ಬರ್ತದೆ, ಎರಡನೇ ಸಲ ಬರ್ದಾಗ ಸಿಗ್‌ಪೈಪ್ ಬಂದು ಪ್ರೋಗ್ರಾಮ್ ಒಂದು ಮಾತೂ ಹೇಳದೆ ಸಾಯ್ತದೆ, ಕೋರೂ ಬೀಳಲ್ಲ. ಲಾಗಲ್ಲೂ ಏನೂ ಇಲ್ಲ. ಹಿಂಗೆ ಸದ್ದಿಲ್ದೆ ಮಾಯ ಆಗೋ ಪ್ರೋಗ್ರಾಮ್ ಕಂಡ್ರೆ ಮೊದಲ ಅನುಮಾನ ಇದರ ಮೇಲೇ ಇರ್ಲಿ, ಎಕ್ಸಿಟ್ ಕೋಡ್ 141 ಇದ್ರೆ ಖಾತ್ರಿ.

ಪರಿಹಾರ ಕೋಡಲ್ಲಿ ಮಾಡ್ಬೇಕು, ಡೀಬಗರಲ್ಲಿ ಅಲ್ಲ. ಸೆಂಡ್ ಕಾಲಿಗೆ ಎಂಎಸ್‌ಜಿ_ನೋಸಿಗ್ನಲ್ ಕೊಡಿ, ಇಲ್ಲಾ ಶುರುವಲ್ಲೇ ಸಿಗ್‌ಪೈಪನ್ನ ಇಗ್ನೋರ್ ಮಾಡಿ ಪ್ರತಿ ಬರಹದ ಉತ್ತರ ನೋಡಿ, ಇಪೈಪ್ ಎರರ್ ಬಂದ್ರೆ ಸಾಕೆಟ್ ಮುಚ್ಚಿ, ಸ್ವಲ್ಪ ಕಾದು ಮತ್ತೆ ಕನೆಕ್ಟ್ ಮಾಡಿ, ಅಲ್ಲೀವರೆಗಿನ ಮಳೆ ಲೆಕ್ಕ ಫೈಲಲ್ಲಿ ಇದ್ದೇ ಇದೆ. ಇಗ್ನೋರ್ ಮಾಡಿ ಉತ್ತರ ನೋಡದಿದ್ರೆ ಮಾತ್ರ ಮೊದಲಿಗಿಂತ ಕೆಟ್ಟದ್ದು, ಪ್ರೋಗ್ರಾಮ್ ಬದುಕಿರ್ತದೆ, ಡೇಟಾ ಎಲ್ಲೂ ಹೋಗ್ತಿರಲ್ಲ.

ಇಷ್ಟು ಮಾಡಿದ್ ಮೇಲೂ ಇಗ್ನೋರ್ ದಾರಿ ಹಿಡಿದಿದ್ರೆ ಜಿಡಿಬಿ ಒಳಗೆ ಮಾತ್ರ ಸಿಗ್‌ಪೈಪಿಗೆ ನಿಲ್ತಾನೇ ಇರ್ತದೆ, ಕಾರಣ ಮೇಲೆ ಹೇಳಿದ್ದೇ. ನಿಮ್ಮ ಇಗ್ನೋರ್ ನಿಜವಾಗ್ಲೂ ಕೂತಿದೆಯಾ ಅಂತ ನೋಡೋಕೆ /ಪ್ರೋಕ್ ಒಳಗೆ ಆ ಪಿಐಡಿಯ ಸ್ಟೇಟಸ್ ಫೈಲಲ್ಲಿ ಸಿಗ್‌ಇಗ್ನ್ ಸಾಲು ಓದಿ. ಅದೊಂದು ಹೆಕ್ಸ್ ಮಾಸ್ಕ್, ಸಿಗ್ನಲ್ ನಂಬರಲ್ಲಿ ಒಂದು ಕಳೆದ ಬಿಟ್. 13ಕ್ಕೆ 12ನೇ ಬಿಟ್, ಅಂದ್ರೆ ಹೆಕ್ಸ್ 1000 ಕಾಣ್ಬೇಕು. ಸಿಗ್‌ಬಿಎಲ್‌ಕೆ ಸಾಲು ತಡೆ ಹಿಡಿದಿರೋವು, ಸಿಗ್‌ಸಿಜಿಟಿ ಸಾಲು ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡೋ ನಿಮ್ಮ ಫಂಕ್ಷನ್) ಇರೋವು. ಇಗ್ನೋರ್ ಅನ್ನೋದು ಎಕ್ಸೆಕ್ ಆದ್ಮೇಲೂ ಮಕ್ಕಳಿಗೆ ಬಳುವಳಿಯಾಗಿ ಹೋಗ್ತದೆ, ನೋಹಪ್ ಕೆಲಸ ಮಾಡೋದೇ ಆ ನಂಬಿಕೆ ಮೇಲೆ, ಹಂಗಾಗಿ ನೀವು ಹೇಳದೇ ಇದ್ರೂ ಒಂದು ಸಿಗ್ನಲ್ ಇಗ್ನೋರ್ ಆಗಿದ್ರೆ ನಿಮ್ಮನ್ನ ಶುರು ಮಾಡಿದ ಪ್ರೋಗ್ರಾಮನ್ನ ವಿಚಾರಿಸಿ.

ಉಳಿದವು

ಸಿಗ್‌ಇಲ್, 4. ಪ್ರೋಸೆಸರಿಗೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್. ಹೊಸ ಲ್ಯಾಪ್‌ಟಾಪಲ್ಲಿ ಮಾರ್ಚ್=ನೇಟಿವ್ ಹಾಕಿ ಕಟ್ಟಿದ ಬೈನರಿನ ಹಳೇ ಮೆಷಿನ್ನಿಗೆ ಹಾಕಿದ್ರೆ ಬರ್ತದೆ, ಆರ್ಮ್ ವರ್ಶನ್ 7ಕ್ಕೆ ಕಟ್ಟಿದ್ದನ್ನ ಮೊದಲನೇ ಪೈ ಝೀರೋ ಮೇಲೆ ಓಡಿಸಿದ್ರೂ ಬರ್ತದೆ, ಅದು ಆರ್ಮ್ ವರ್ಶನ್ 6. ಎಕ್ಸ್/ಐ ಹಾಕಿದಾಗ ಯುಡಿ2 ಅಂತ ಕಂಡ್ರೆ ಅದು ಕಂಪೈಲರ್ ಬೇಕಂತ್ಲೇ ಇಟ್ಟ ಬಲೆ, ಬರಬಾರದ ದಾರಿಗೆ ಕೋಡ್ ಬಂದಿದೆ. ಪೈ ಮೇಲೆ ಇನ್ನೊಂದು ಇದೆ, ಹಳೇ ಓಪನ್‌ಎಸ್‌ಎಸ್‌ಎಲ್ ಲೋಡ್ ಆಗೋವಾಗ ಈ ಪ್ರೋಸೆಸರಿಗೆ ಏನೇನು ಬರ್ತದೆ ಅಂತ ತಿಳಿಯೋಕೆ ಒಂದೊಂದೇ ಇನ್‌ಸ್ಟ್ರಕ್ಷನ್ ಓಡ್ಸಿ ನೋಡ್ತದೆ, ಬರದಿದ್ದಕ್ಕೆ ಸಿಗ್‌ಇಲ್ ಬರ್ತದೆ, ತಾನೇ ಹಿಡ್ಕೊಳ್ತದೆ. ಜಿಡಿಬಿ ಮಾತ್ರ ಲಿಬ್‌ಕ್ರಿಪ್ಟೋ ಒಳಗೆ ನಿಲ್ತದೆ. ಅಲ್ಲಿ ಕಂಟಿನ್ಯೂ ಒತ್ತಿದ್ರೆ ಸಾಕು.

ಸಿಗ್‌ಎಫ್‌ಪಿಇ, 8. ಹೆಸರು ಫ್ಲೋಟಿಂಗ್ ಪಾಯಿಂಟ್ ಅಂತಿದ್ರೂ ಬರೋದು ಜಾಸ್ತಿ ಇಂಟಿಜರನ್ನ ಸೊನ್ನೆಯಿಂದ ಭಾಗಿಸಿದಾಗ. 64 ಬಿಟ್ ಆರ್ಮ್‌ನಲ್ಲಿ ಅದೇ ಭಾಗಾಕಾರಕ್ಕೆ ಸಿಗ್ನಲ್ಲೇ ಬರಲ್ಲ, ಸುಮ್ನೆ ಸೊನ್ನೆ ಉತ್ತರ ಬರ್ತದೆ, ಹಂಗಾಗಿ ಲ್ಯಾಪ್‌ಟಾಪಲ್ಲಿ ಬೀಳೋದು ಪೈ ಮೇಲೆ ಬೀಳಲ್ಲ ಅಂದ್ರೆ ಪೈ ಸರಿ ಇದೆ ಅಂತ ಅರ್ಥ ಅಲ್ಲ, ತಪ್ಪು ಲೆಕ್ಕ ಕಳಿಸ್ತಿದೆ.

137 ಬಂದು ಜಿಡಿಬಿಗೂ ಸಿಗದೆ ಸತ್ರೆ ಡಿಮೆಸೇಜಲ್ಲಿ ಕಿಲ್ಡ್ ಪ್ರೋಸೆಸ್ ಅಂತ ಹುಡುಕಿ. ಸಿಕ್ಕಿದ್ರೆ ಮೆಮೊರಿ ಮುಗಿದು ಕರ್ನಲ್ ಕೊಂದಿದೆ. ಸಣ್ಣ ಪೈ ಮೇಲೆ ಜಿಡಿಬಿ ತನ್ನ ಸಿಂಬಲ್‌ಗಳಿಗೇ ಸುಮಾರು ಮೆಮೊರಿ ತಿನ್ನೋದ್ರಿಂದ ಡೀಬಗ್ ಮಾಡೋಕೆ ಹೋದಾಗ್ಲೇ ಹಿಂಗಾಗಬಹುದು, ಆಗ ಪೈ ಮೇಲೆ ಜಿಡಿಬಿ ಸರ್ವರ್ ಮಾತ್ರ ಓಡ್ಸಿ, ಜಿಡಿಬಿನ ನಿಮ್ಮ ಲ್ಯಾಪ್‌ಟಾಪಲ್ಲಿ ಇಟ್ಕೊಳಿ.

ಸಿಗ್‌ಹಪ್, 1. ಎಸ್‌ಎಸ್‌ಎಚ್ ಕಡಿದ್ರೆ ಬರ್ತದೆ. ಮಳೆಗಾಲದಲ್ಲಿ ಟಿಮಕ್ಸ್ ಇಲ್ದೆ ರಿಮೋಟ್ ಡೀಬಗ್ ಶುರು ಮಾಡ್ಲೇಬೇಡಿ.

ಡೀಬಗರಿಂದ್ಲೇ ಬರೋ ಸಿಗ್ನಲ್‌ಗಳು

ಹೊರಗೆ ಆಗಲ್ಲ, ಒಳಗೆ ಮಾತ್ರ ಆಗ್ತದೆ ಅಂತ ಬಿಟ್ಟು ಬಂದಿದ್ವಲ್ಲ, ಅದು ಇಲ್ಲಿ.

ಒಂದು, ವಾಚ್‌ಡಾಗ್. ಸರ್ವೀಸ್ ಫೈಲಲ್ಲಿ ವಾಚ್‌ಡಾಗ್‌ಸೆಕ್ ಇದ್ರೆ ಪ್ರೋಗ್ರಾಮು ಆಗಾಗ ನಾನಿದ್ದೀನಿ ಅಂತ ಸಿಸ್ಟಮ್‌ಡಿಗೆ ಹೇಳ್ತಿರ್ಬೇಕು. ನೀವು ಬ್ರೇಕ್‌ಪಾಯಿಂಟಲ್ಲಿ ನಿಲ್ಸಿ ವೇರಿಯಬಲ್ ನೋಡ್ತಾ ಕೂತಾಗ ಹೇಳೋರು ಯಾರೂ ಇಲ್ಲ, ಟೈಮ್ ಮುಗಿದ ಕೂಡ್ಲೆ ಸಿಸ್ಟಮ್‌ಡಿ ಅಬಾರ್ಟ್ ಸಿಗ್ನಲ್ ಕಳಿಸ್ತದೆ. ನೋಡೋಕೆ ಮಾಮೂಲಿ ಅಬಾರ್ಟ್ ತರನೇ, ಬ್ಯಾಕ್‌ಟ್ರೇಸಲ್ಲಿ ಮಾತ್ರ ಅಬಾರ್ಟ್ ಫಂಕ್ಷನ್ನೇ ಇರಲ್ಲ, ಎಲ್ಲಿ ನಿಲ್ಸಿದ್ರೋ ಅಲ್ಲೇ ಇರ್ತದೆ, ಎಸ್‌ಐ ಕೋಡ್ ಸೊನ್ನೆ, ಪಿಐಡಿ 1. ಡೀಬಗ್ ಮಾಡೋವಾಗ ಸರ್ವೀಸ್ ನಿಲ್ಸಿ, ಕೈಯಿಂದ ಓಡ್ಸಿ.

ಎರಡು, ಬ್ರೇಕ್‌ಪಾಯಿಂಟ್ ತಪ್ಪು ಜಾಗಕ್ಕೆ ಬೀಳೋದು. ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಅಂದ್ರೆ ಜಿಡಿಬಿ ಆ ಜಾಗದ ಇನ್‌ಸ್ಟ್ರಕ್ಷನನ್ನೇ ಬದಲಾಯಿಸಿ ಇಂಟೆಲ್, ಎಎಂಡಿಯಲ್ಲಿ ಸಿಸಿ ಅನ್ನೋ ಒಂದು ಬೈಟ್ ಬರೆಯೋದು. ಓಡ್ತಿರೋ ಬೈನರಿ ಒಂದು, ನೀವು ಜಿಡಿಬಿಗೆ ಕೊಟ್ಟ ಸಿಂಬಲ್ ಫೈಲ್ ಆಮೇಲೆ ಕಂಪೈಲ್ ಮಾಡಿದ ಇನ್ನೊಂದು ಅಂತಾದ್ರೆ ಆ ಬೈಟ್ ಯಾವ್ದೋ ಇನ್‌ಸ್ಟ್ರಕ್ಷನ್ನಿನ ಹೊಟ್ಟೆಯಲ್ಲಿ ಕೂರ್ತದೆ, ಅರ್ಥವೇ ಬದಲಾಗಿ ಸಿಗ್‌ಇಲ್, ಸಿಗ್‌ಸೆಗ್ವಿ ಏನು ಬೇಕಾದ್ರೂ ಬರಬಹುದು. ಡಿಲೀಟ್ ಹಾಕಿ ಎಲ್ಲಾ ಬ್ರೇಕ್‌ಪಾಯಿಂಟ್ ತೆಗೆದು ಮತ್ತೆ ಓಡ್ಸಿ, ಸಿಗ್ನಲ್ ಮಾಯ ಆದ್ರೆ ಇದೇ ಕಾರಣ. ಬೈನರಿ, ಸಿಂಬಲ್ ಎರಡೂ ಒಂದೇನಾ ಅಂತ ಬಿಲ್ಡ್ ಐಡಿ ತಾಳೆ ಹಾಕಿ, ಅಲ್ಲೀವರೆಗೆ ಎಚ್‌ಬ್ರೇಕ್ ಬಳಸಿದ್ರೆ ಕೋಡ್ ಮುಟ್ಟದೆ ಪ್ರೋಸೆಸರೇ ನಿಲ್ಲಿಸ್ತದೆ.

ಮೂರು, ಸಿಗ್ನಲ್ ಕಾಣದೆ ಎರರ್ ಮಾತ್ರ ಕಾಣೋದು. ಓಡ್ತಿರೋ ಪ್ರೋಸೆಸ್ಸಿಗೆ ಅಂಟಿ ಬಿಟ್ಟಾಗ ಇಪೋಲ್ ವೇಟ್ ತರದ ಕೆಲವು ಕಾಲ್‌ಗಳು ಹ್ಯಾಂಡ್ಲರ್ ಇಲ್ದಿದ್ರೂ ಇಇಂಟರ್ (ಕಾಲ್ ನಡುವೆ ತಡೆ ಬಂತು ಅನ್ನೋ) ಎರರ್ ಕೊಟ್ಟು ವಾಪಸ್ ಬರ್ತವೆ. ಅದನ್ನ ದೊಡ್ಡ ತಪ್ಪು ಅಂತ ತಿಳಿದು ಎಕ್ಸಿಟ್ ಆಗೋ ಕೋಡ್ ಇದ್ರೆ ಅಂಟಿದ ಕೂಡ್ಲೆ ಸಾಯ್ತದೆ. ಇಇಂಟರ್ ಬಂದ್ರೆ ಮತ್ತೆ ಕಾಲ್ ಮಾಡೋ ಲೂಪ್ ಬರೀರಿ, ಅದು ಡೀಬಗರ್ ಇಲ್ದಿದ್ರೂ ಬೇಕಾಗಿದ್ದೇ.

ಈಗ ಬಾಯಿ ಮುಚ್ಚಿಸೋದು

ಕೆಲವು ರನ್‌ಟೈಮ್‌ಗಳು ಸಿಗ್ನಲನ್ನ ತಮ್ಮ ಒಳಗಿನ ಕೆಲಸಕ್ಕೇ ಬಳಸ್ತವೆ. ಜಾವಾ ವರ್ಚುವಲ್ ಮೆಷಿನ್ ನಲ್ ಚೆಕ್‌ಗೆ ಸಿಗ್‌ಸೆಗ್ವಿ ಬಳಸ್ತದೆ, ಗೋ 1.14ರಿಂದ ಗೋರೊಟೀನ್ ಬದಲಾಯಿಸೋಕೆ ಸಿಗ್‌ಅರ್ಜ್ ಬಳಸ್ತದೆ, ಗ್ಲಿಬ್‌ಸಿ 32 ಮತ್ತೆ 33ನ್ನ ಥ್ರೆಡ್ ಕೆಲಸಕ್ಕೆ ಇಟ್ಕೊಂಡಿದೆ. ಇಂಥವು, ಮತ್ತೆ ನಿಮ್ಮ ಕೋಡ್ ಸರಿಯಾಗಿ ನೋಡ್ಕೊಳ್ತಿರೋ ಸಿಗ್‌ಪೈಪ್ ತರದವು, ಇವಕ್ಕೆ ಈಗ ಹಾಕಿ:

ಹ್ಯಾಂಡಲ್ ಸಿಗ್‌ಪೈಪ್ ನೋಸ್ಟಾಪ್ ಪ್ರಿಂಟ್ ಪಾಸ್

ನೋಪ್ರಿಂಟ್ ಬದಲು ಪ್ರಿಂಟ್ ಬಿಟ್ಟಿರೋದು ಬೇಕಂತ್ಲೇ, ನಿಲ್ಲಲ್ಲ ಆದ್ರೆ ಬಂದಿದ್ದು ಕಾಣ್ತದೆ. ಪಾಸ್ ಅನ್ನೋದನ್ನ ನೋಪಾಸ್ ಮಾಡೋಕೆ ಹೋಗಬೇಡಿ, ಜಾವಾದಲ್ಲಿ ಸಿಗ್‌ಸೆಗ್ವಿಗೆ ನೋಪಾಸ್ ಹಾಕಿದ್ರೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಮತ್ತೆ ಬೀಳ್ತಾ ಅಲ್ಲೇ ಸುತ್ತುತದೆ. ಸದ್ಯ ಯಾವ್ದಕ್ಕೆ ಏನು ಸೆಟ್ ಆಗಿದೆ ಅಂತ ಇನ್ಫೋ ಸಿಗ್ನಲ್ಸ್ ತೋರಿಸ್ತದೆ. ಸಿಗ್‌ಇಂಟ್, ಸಿಗ್‌ಟ್ರ್ಯಾಪ್ ಎರಡನ್ನೂ ಜಿಡಿಬಿ ತನಗೇ ಇಟ್ಕೊಳ್ತದೆ, ಪ್ರೋಗ್ರಾಮಿಗೆ ಕೊಡಲ್ಲ, ಕಂಟ್ರೋಲ್ ಸಿ ಒತ್ತಿದಾಗ ನಿಮ್ಮ ಹ್ಯಾಂಡ್ಲರ್ ಓಡ್ತಿಲ್ಲ ಅಂದ್ರೆ ಅದಕ್ಕೇ, ಹ್ಯಾಂಡ್ಲರ್ ಟೆಸ್ಟ್ ಮಾಡ್ಬೇಕಿದ್ರೆ ಸಿಗ್ನಲ್ ಸಿಗ್‌ಇಂಟ್ ಅಂತ ಕಮಾಂಡ್ ಕೊಡಿ. ಬಂದ ಸಿಗ್ನಲ್ ಕೊಡದೆ ಒಂದು ಸಲ ಮುಂದೆ ಹೋಗಿ ನೋಡೋಕೆ ಸಿಗ್ನಲ್ 0. ಈ ಹ್ಯಾಂಡಲ್ ಸಾಲುಗಳನ್ನ ಮನೆ ಫೋಲ್ಡರಿನ ಜಿಡಿಬಿಇನಿಟ್‌ನಲ್ಲಿ ಇಡಬೇಡಿ, ಆ ಪ್ರಾಜೆಕ್ಟಿಗೆ ಮಾತ್ರ ಒಂದು ಫೈಲ್ ಮಾಡಿ -ಎಕ್ಸ್ ಹಾಕಿ ಕೊಡಿ, ಇಲ್ಲಾಂದ್ರೆ ಮುಂದಿನ ಪ್ರಾಜೆಕ್ಟಲ್ಲಿ ನಿಜವಾದ ಸಿಗ್ನಲ್ ಸದ್ದಿಲ್ದೆ ದಾಟಿ ಹೋಗ್ತದೆ.

ಕಳ್ಸಿದ ಪಿಐಡಿ ಸಿಕ್ಕಿ ಪಿಎಸ್ ಹಾಕೋ ಹೊತ್ತಿಗೆ ಆ ಪ್ರೋಸೆಸ್ಸೇ ಮುಗಿದುಹೋಗಿದ್ರೆ, ಕ್ರಾನ್ ಸ್ಕ್ರಿಪ್ಟ್‌ಗಳು ಹಿಂಗೆ ಬಂದು ಹೋಗ್ತವೆ, ಬಿಸಿಸಿ ಟೂಲ್‌ಗಳಲ್ಲಿರೋ ಕಿಲ್‌ಸ್ನೂಪ್ ಓಡ್ಸಿ ಬಿಟ್ಟಿಡಿ, ಯಾವ ಪ್ರೋಸೆಸ್ ಯಾರಿಗೆ ಯಾವ ಸಿಗ್ನಲ್ ಕಳ್ಸ್ತು ಅಂತ ಹೆಸರು ಸಮೇತ ಬರೀತದೆ. ಅದು ಇಲ್ದಿದ್ರೆ ಪರ್ಫ್ ರೆಕಾರ್ಡಿಗೆ ಸಿಗ್ನಲ್:ಸಿಗ್ನಲ್_ಜನರೇಟ್ ಟ್ರೇಸ್‌ಪಾಯಿಂಟ್ ಕೊಟ್ಟು -ಎ ಹಾಕಿ ಇಡೀ ಮೆಷಿನ್ ಮೇಲೆ ಓಡ್ಸಿ. ಎರಡಕ್ಕೂ ರೂಟ್ ಬೇಕು. ಎರಡೂ ಪಿಟ್ರೇಸ್ ಬಳಸಲ್ಲ, ಹಂಗಾಗಿ ಜಿಡಿಬಿ ಅಂಟ್ಕೊಂಡಿರೋ ಪ್ರೋಸೆಸ್ ಮೇಲೂ ಜೊತೇಲೇ ಓಡಿಸ್ಬಹುದು, ರಾತ್ರಿ ಬಿಟ್ಟು ಬೆಳಿಗ್ಗೆ ಬಂದು ನೋಡೋ ಕೆಲಸಕ್ಕೆ ಇವೇ ಸರಿ.